ಆರೈಕೆದಾರರ ಭತ್ಯೆಯ ಪಟ್ಟಿಯಲ್ಲಿ ಆಟಿಸಂ ಯಾಕಿಲ್ಲ?

ಅಂಗವಿಕಲ ಮಕ್ಕಳನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ಸರ್ಕಾರ ದುಡ್ಡು ಕೊಡುತ್ತದೆ ಎಂಬ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಆಗಾಗ ಸುತ್ತುತ್ತಿರುತ್ತದೆ. ಅದರ ಬೆನ್ನಿಗೇ ಪ್ರಶ್ನೆಗಳೂ ಬರುತ್ತವೆ. ನಮ್ಮ ಮಗನಿಗೆ ಆಟಿಸಂ, ನಮಗೂ ಸಿಗುತ್ತಾ? ಮಗಳಿಗೆ ಎಡಿಎಚ್‌ಡಿ, ಅರ್ಜಿ ಎಲ್ಲಿ ಹಾಕಬೇಕು? ಮಗುವಿಗೋಸ್ಕರ ಕೆಲಸ ಬಿಟ್ಟು ಮನೆಯಲ್ಲಿದ್ದೇನೆ, ನಾನು ಸರ್ಕಾರದ ಲೆಕ್ಕದಲ್ಲಿ ಆರೈಕೆದಾರಳು ಹೌದೋ ಅಲ್ವೋ? (ಆಟಿಸಂ ಅಂದರೆ ಮಗುವಿನ ಮಾತು, ಬೆರೆಯುವ ರೀತಿ, ವರ್ತನೆ ಬೇರೆಯಾಗಿ ಬೆಳೆಯುವ ಸ್ಥಿತಿ. ಎಡಿಎಚ್‌ಡಿ ಅಂದರೆ ಗಮನ ನಿಲ್ಲದ, ಅತಿಯಾದ ಚಟುವಟಿಕೆಯ ತೊಂದರೆ.)

ಗೊಂದಲಕ್ಕೆ ಕಾರಣ ಇದೆ. 2024ರಲ್ಲಿ ಎರಡು ಬೇರೆ ಬೇರೆ ಸುದ್ದಿಗಳು ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಫೆಬ್ರುವರಿ 16ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಮಂಡಿಸಿದ ಬಜೆಟ್‌ನಲ್ಲಿ, ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಭತ್ಯೆ ಎಂದು ಘೋಷಣೆಯಾಯಿತು. ಎರಡು ತಿಂಗಳ ನಂತರ, ಏಪ್ರಿಲ್ 22ರಂದು, ಅಂಗವಿಕಲ ಮಗುವಿನ ತಾಯಿಗೆ ಶಿಶುಪಾಲನಾ ರಜೆ ಕೊಡದೇ ಇರುವುದು ಸಂವಿಧಾನದ ಆಶಯಕ್ಕೇ ವಿರುದ್ಧ ಎಂದು ಸುಪ್ರೀಂ ಕೋರ್ಟ್ ಹೇಳಿತು. ಮೊದಲನೆಯದು ದುಡ್ಡಿನ ಸುದ್ದಿ, ನಮ್ಮ ರಾಜ್ಯದ್ದು. ಎರಡನೆಯದು ರಜೆಯ ಸುದ್ದಿ, ಹಿಮಾಚಲ ಪ್ರದೇಶದ ಸರ್ಕಾರಿ ಕಾಲೇಜಿನ ಅಧ್ಯಾಪಕಿಯೊಬ್ಬರ ಕೇಸಿನದ್ದು. ಎರಡನ್ನೂ ಕಲಸಿ ಓದಿದರೆ "ಎಲ್ಲ ಆರೈಕೆದಾರರಿಗೂ ಏನೋ ಸಿಕ್ಕಿತು" ಅನ್ನಿಸುತ್ತದೆ. ಬಿಡಿಸಿ ನೋಡಿದರೆ ಚಿತ್ರ ಬೇರೆ.

ನಾಲ್ಕು ಹೆಸರು, ಒಂದೇ ತರ್ಕ

ಬಜೆಟ್ ಪಟ್ಟಿಯ ನಾಲ್ಕು ಹೆಸರುಗಳನ್ನು ಮತ್ತೊಮ್ಮೆ ನೋಡಿ. ನಾಲ್ಕರಲ್ಲೂ ತೊಂದರೆ ಬರುವುದು ಮುಖ್ಯವಾಗಿ ದೇಹದ ಚಲನೆಗೆ. ಎಬ್ಬಿಸಿ ಕೂರಿಸಬೇಕು, ಊಟ ಮಾಡಿಸಬೇಕು, ಸ್ನಾನಕ್ಕೆ ಎತ್ತಿಕೊಂಡು ಹೋಗಬೇಕು. ಈ ಆರೈಕೆ ಕಣ್ಣಿಗೆ ಕಾಣುತ್ತದೆ. ಅಧಿಕಾರಿ ಮನೆಗೆ ಬಂದು ಐದು ನಿಮಿಷ ನಿಂತರೆ ಸಾಕು, ಅರ್ಥವಾಗುತ್ತದೆ. ಹಾಸಿಗೆ ಹಿಡಿದವರಿಗೆ ಮೊದಲು ಎಂಬ ತರ್ಕ ತಪ್ಪೇನಲ್ಲ. ಆ ಕುಟುಂಬಗಳಿಗೆ ಈ ಸಾವಿರವೂ ತಡವಾಗಿಯೇ ಬಂದಿದೆ.

ಆಟಿಸಂ ಇರುವ ಆರು ವರ್ಷದ ಹುಡುಗನ ಮನೆಗೆ ಅದೇ ಅಧಿಕಾರಿ ಹೋದರೆ ಕಾಣುವುದೇ ಬೇರೆ. ಹುಡುಗ ಗಟ್ಟಿಮುಟ್ಟಾಗಿದ್ದಾನೆ, ಓಡುತ್ತಾನೆ, ಹತ್ತುತ್ತಾನೆ. ಅಲ್ಲಿ ಎತ್ತುವ ಕೆಲಸ ಇಲ್ಲ, ಕಾಯುವ ಕೆಲಸ ಇದೆ. ಬಾಗಿಲು ತೆರೆದಿದ್ದರೆ ರಸ್ತೆಗೆ ಓಡುವ ಮಗುವಿಗೆ ಚಿಲಕ ಯಾವಾಗಲೂ ಹಾಕಿರಬೇಕು. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಕಿರುಚುವ ಮಗು ಇದ್ದರೆ ಅಡುಗೆಯ ಹೊತ್ತೇ ಬದಲಾಗುತ್ತದೆ. ಬಿಳಿ ಅನ್ನ, ಒಂದೇ ಕಂಪನಿಯ ಬಿಸ್ಕತ್ತು, ಇವೆರಡು ಬಿಟ್ಟು ಬೇರೇನೂ ಮುಟ್ಟದ ಮಕ್ಕಳಿದ್ದಾರೆ. ರಾತ್ರಿ ಎರಡಕ್ಕೆ ಎದ್ದು ಬೆಳಗಿನವರೆಗೆ ಮಲಗದ ಮಕ್ಕಳಿದ್ದಾರೆ. ಶಾಲೆಯಿಂದ ಹನ್ನೊಂದು ಗಂಟೆಗೆ "ಬಂದು ಕರ್ಕೊಂಡು ಹೋಗಿ" ಎಂದು ಫೋನ್ ಬರುತ್ತದೆ, ಅದಕ್ಕೆ ಅಮ್ಮ ಯಾವ ಕೆಲಸಕ್ಕೂ ಸೇರುವ ಹಾಗಿಲ್ಲ. ಇದರಲ್ಲಿ ಯಾವುದೂ ಐದು ನಿಮಿಷದ ಭೇಟಿಯಲ್ಲಿ ಕಾಣುವುದಿಲ್ಲ, ಹಾಗಾಗಿ ಪಟ್ಟಿಗೂ ಬರುವುದಿಲ್ಲ.

ಗುಟ್ಟು ಇರುವುದು ಇಲ್ಲೇ. ನಮ್ಮ ವ್ಯವಸ್ಥೆ ಅಳೆಯುವುದು ಮಗುವಿನ ದೇಹವನ್ನು. ಆರೈಕೆ ಮಾಡುವವರ ದಿನವನ್ನು ಯಾರೂ ಅಳೆಯುವುದಿಲ್ಲ. ಭತ್ಯೆಯಿಂದ ಹಿಡಿದು ರಜೆ, ತೆರಿಗೆವರೆಗೆ ಉಳಿದ ಗೊಂದಲಗಳು ಹೆಚ್ಚಿನಂಶ ಇದರಿಂದಲೇ ಹುಟ್ಟಿವೆ.

ಕಾನೂನಿನಲ್ಲಿ ಏನಿದೆ

ವಿಚಿತ್ರ ಅಂದರೆ, ಕಾನೂನು ಇಷ್ಟು ಕುರುಡಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆರೈಕೆದಾರ ಎಂದರೆ ಯಾರು ಎಂದು ಬರೆದೇ ಇಟ್ಟಿದೆ: ಸಂಬಳ ಪಡೆದೋ ಪಡೆಯದೆಯೋ ಅಂಗವಿಕಲ ವ್ಯಕ್ತಿಯನ್ನು ನೋಡಿಕೊಳ್ಳುವ ಯಾರಾದರೂ, ತಂದೆ ತಾಯಿ ಮತ್ತು ಮನೆಯವರೂ ಸೇರಿ. ಅದೇ ಕಾಯ್ದೆಯ 24ನೇ ಸೆಕ್ಷನ್‌ನಲ್ಲಿ, ಹೆಚ್ಚಿನ ಬೆಂಬಲ ಬೇಕಾದವರಿಗೆ ಆರೈಕೆದಾರರ ಭತ್ಯೆ ಎಂಬ ಮಾತೂ ಇದೆ. ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ ನಾಲ್ಕೂ ಇವೆ.

ಹಾಗಾದರೆ ಭತ್ಯೆ ಯಾಕೆ ತಾನಾಗಿ ಬರುವುದಿಲ್ಲ? ಆ ಸೆಕ್ಷನ್ ಶುರುವಾಗುವುದೇ "ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ" ಎಂಬ ಅರ್ಥದ ಮಾತಿನಿಂದ. ಯೋಜನೆ ಮಾಡಬೇಕಾದ್ದು ಆಯಾ ಸರ್ಕಾರ. ಎಷ್ಟು ಕೊಡಬೇಕು, ಯಾರಿಗೆ ಮೊದಲು ಕೊಡಬೇಕು ಎಂಬುದೂ ಅವರಿಗೇ ಬಿಟ್ಟದ್ದು. ಹೀಗಾಗಿ ಒಂದೇ ಕಾಯ್ದೆಯ ಕೆಳಗೆ ಕೇರಳದ ಅಮ್ಮನಿಗೆ ಒಂದು ನಿಯಮ, ಕರ್ನಾಟಕದ ಅಮ್ಮನಿಗೆ ಇನ್ನೊಂದು. ಕೇರಳದ ಆಶ್ವಾಸಕಿರಣಂ ಯೋಜನೆ ಈ ಕಾಯ್ದೆಗಿಂತಲೂ ಹಳೆಯದು. ತಿಂಗಳಿಗೆ 600 ರೂಪಾಯಿ, ಆದರೆ ಅದರ ಪಟ್ಟಿಯಲ್ಲಿ ಆಟಿಸಂ ಇದೆ. ಪಟ್ಟಿ ದೊಡ್ಡದಾದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂಬುದಕ್ಕೂ ಅದೇ ಉದಾಹರಣೆ, ಹಣ ತಿಂಗಳುಗಟ್ಟಲೆ ಬಾಕಿ ಉಳಿದಿದೆ ಎಂಬ ದೂರು ಅಲ್ಲಿ ಮತ್ತೆ ಮತ್ತೆ ಕೇಳಿಬಂದಿದೆ.

ಶೇಕಡಾ 40ರ ಗೆರೆ

ಭತ್ಯೆ ಬಿಡಿ, ಯಾವ ಸೌಲಭ್ಯಕ್ಕೆ ಹೋದರೂ ಮೊದಲು ಕೇಳುವುದು ಅಂಗವೈಕಲ್ಯದ ಸರ್ಟಿಫಿಕೇಟ್. ಅದರಲ್ಲಿ ಶೇಕಡಾ 40 ಅಥವಾ ಜಾಸ್ತಿ ಇರಬೇಕು. ಕಾಲಿನ ಶಕ್ತಿಯನ್ನೋ ಕಣ್ಣಿನ ದೃಷ್ಟಿಯನ್ನೋ ಶೇಕಡಾದಲ್ಲಿ ಹೇಳಬಹುದು, ಸರಿ. ಆಟಿಸಂ ಹೇಗೆ ಅಳೆಯುತ್ತಾರೆ? ಐಎಸ್ಎಎ ಎಂಬ ಭಾರತೀಯ ಅಳತೆಪಟ್ಟಿ ಇದೆ. 40 ಅಂಶಗಳು, ಪ್ರತಿಯೊಂದಕ್ಕೂ 1ರಿಂದ 5 ಅಂಕ. ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತದೆಯೇ, ಮಾತು ಹೇಗಿದೆ, ಒಂದೇ ಚಲನೆಯನ್ನು ಪದೇ ಪದೇ ಮಾಡುತ್ತದೆಯೇ, ಹೀಗೆ. ಒಟ್ಟು 70 ಮುಟ್ಟದಿದ್ದರೆ ಆಟಿಸಂ ಲೆಕ್ಕಕ್ಕಿಲ್ಲ.

ಮಗುವನ್ನು ಅಳೆಯಲು ಇದು ಉಪಯೋಗಕ್ಕೆ ಬರುತ್ತದೆ. ಆದರೆ ಅದೇ ಅಂಕದಿಂದ ಅಮ್ಮನ ಹೊರೆಯನ್ನು ಊಹಿಸಲು ಹೋದರೆ ಎಡವಟ್ಟಾಗುತ್ತದೆ. ಚೆನ್ನಾಗಿ ಮಾತಾಡುವ, ಲೆಕ್ಕದಲ್ಲಿ ಮುಂದಿರುವ, ಆದರೆ ವಾರಕ್ಕೆ ನಾಲ್ಕು ದಿನ ಶಾಲೆಗೆ ಹೋಗಲಾರದೆ ಗೋಡೆಗೆ ತಲೆ ಬಡಿದುಕೊಳ್ಳುವ ಮಗುವಿಗೆ ಅಂಕ ಕಡಿಮೆ ಬರಬಹುದು. ಆದರೂ ಮನೆಯಲ್ಲಿ ಒಬ್ಬರು ಪೂರ್ತಿ ದಿನ ಅದರ ಜೊತೆಗೇ ಇರಬೇಕು.

ಎಡಿಎಚ್‌ಡಿ ವಿಷಯ ಇನ್ನೂ ಕಷ್ಟ. 21ರ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ತಮಾಷೆ ನೋಡಿ, 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮತ್ತು ಶಾಲೆಗಳಿಗೆ ಬರುವ ತಂಡ ಹುಡುಕಬೇಕಾದ 30 ತೊಂದರೆಗಳಲ್ಲಿ ಎಡಿಎಚ್‌ಡಿಯೂ ಸೇರಿದೆ. ಅಂದರೆ ಆರೋಗ್ಯ ಇಲಾಖೆ "ನಿಮ್ಮ ಮಗುವಿಗೆ ಇದಿದೆ" ಎಂದು ಗುರುತಿಸಬಹುದು, ಅದನ್ನು ಹಿಡಿದುಕೊಂಡು ಅಂಗವಿಕಲರ ಇಲಾಖೆಗೆ ಹೋದರೆ "ನಮ್ಮಲ್ಲಿ ಇದಿಲ್ಲ" ಎಂಬ ಉತ್ತರ. ಜೊತೆಗೆ ಕಲಿಕಾ ನ್ಯೂನತೆಯೋ ಆಟಿಸಮ್ಮೋ ಇದ್ದರೆ ಅದರ ಹೆಸರಿನಲ್ಲಿ ಸರ್ಟಿಫಿಕೇಟ್ ಸಿಗಬಹುದು, ಬರೀ ಎಡಿಎಚ್‌ಡಿ ಇದ್ದರೆ ದಾರಿ ಮುಚ್ಚಿದ ಹಾಗೇ.

ಇದು ಸಣ್ಣ ಸಂಖ್ಯೆಯ ಮಕ್ಕಳ ಮಾತಲ್ಲ. ದೇಶದ ಐದು ಕಡೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು 2ರಿಂದ 9 ವರ್ಷದ ಮಕ್ಕಳಲ್ಲಿ ಸುಮಾರು ಎಂಟಕ್ಕೆ ಒಬ್ಬರಲ್ಲಿ ಒಂದಲ್ಲ ಒಂದು ನರ-ಬೆಳವಣಿಗೆಯ ತೊಂದರೆ ಕಂಡಿತ್ತು. ಅದರಲ್ಲಿ ಕಿವಿ, ಕಣ್ಣಿನ ತೊಂದರೆ ಮತ್ತು ಮೂರ್ಛೆರೋಗವೂ ಸೇರಿವೆ ಎಂಬುದು ನೆನಪಿರಲಿ, ಎಲ್ಲವೂ ಆಟಿಸಂ ಎಡಿಎಚ್‌ಡಿ ಅಲ್ಲ. ಆದರೂ ಎಂಟಕ್ಕೆ ಒಂದು ಅಂದರೆ ಪ್ರತಿ ಬೀದಿಯಲ್ಲೂ ಅಂಥ ಮನೆ ಇದೆ ಅಂತಲೇ ಅರ್ಥ.

ರಜೆಯ ಕಥೆ ಬೇರೆ

ಈಗ ಸುಪ್ರೀಂ ಕೋರ್ಟ್ ತೀರ್ಪಿಗೆ ಬರೋಣ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಇಡೀ ಸೇವೆಯಲ್ಲಿ 730 ದಿನಗಳ ಶಿಶುಪಾಲನಾ ರಜೆ ಇದೆ. ಮೊದಲ 365 ದಿನ ಪೂರ್ತಿ ಸಂಬಳ, ಮುಂದಿನ 365 ದಿನ ಶೇಕಡಾ 80. ಮಗುವಿಗೆ 18 ವರ್ಷ ಆಗುವವರೆಗೆ ತೆಗೆದುಕೊಳ್ಳಬಹುದು, ಶೇಕಡಾ 40 ಅಂಗವೈಕಲ್ಯ ಇದ್ದರೆ ವಯಸ್ಸಿನ ಮಿತಿಯೇ ಇಲ್ಲ. ಒಬ್ಬಂಟಿ ತಂದೆಗೂ ಈ ರಜೆ ಇದೆ. ಹೆಂಡತಿ ಇರುವ ತಂದೆಗೆ ಇಲ್ಲ.

ಹಿಮಾಚಲ ಸರ್ಕಾರ ಈ ನಿಯಮವನ್ನು ಅಳವಡಿಸಿಕೊಂಡಿರಲಿಲ್ಲ. ಮೂಳೆ ಪದೇ ಪದೇ ಮುರಿಯುವ ಹುಟ್ಟು ಕಾಯಿಲೆಯ ಮಗನನ್ನು ನೋಡಿಕೊಳ್ಳುತ್ತಾ ಆ ಅಧ್ಯಾಪಕಿ ಇದ್ದ ರಜೆಯನ್ನೆಲ್ಲಾ ಮುಗಿಸಿಕೊಂಡಿದ್ದರು. ಮಹಿಳೆಯರು ದುಡಿಯುವುದು ಸೌಲಭ್ಯದ ಪ್ರಶ್ನೆ ಅಲ್ಲ, ಸಂವಿಧಾನದ ಅಗತ್ಯ ಎಂದು ಕೋರ್ಟ್ ಹೇಳಿ, ಅಂಗವಿಕಲರ ಹಕ್ಕುಗಳ ಕಾಯ್ದೆಗೆ ಹೊಂದುವ ಹಾಗೆ ರಜೆ ನೀತಿಯನ್ನು ಮರುಪರಿಶೀಲಿಸಲು ರಾಜ್ಯಕ್ಕೆ ಸೂಚಿಸಿತು. ಕರ್ನಾಟಕದಲ್ಲಿ 2021ರಿಂದ ಮಹಿಳಾ ಸರ್ಕಾರಿ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆ ಇದೆ. ಕೇಂದ್ರದ ಎರಡು ವರ್ಷದ ಪಕ್ಕದಲ್ಲಿಟ್ಟರೆ ಇದು ಕಾಲು ಭಾಗ.

ಆದರೆ ಈ ತೀರ್ಪಿನ ಲಾಭ ಯಾರಿಗೆ? ಸರ್ಕಾರಿ ಕೆಲಸದವರಿಗೆ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರಿಗೆ, ಮನೆಗೆಲಸಕ್ಕೆ ಹೋಗುವವರಿಗೆ, ಖಾಸಗಿ ಶಾಲೆಯ ಟೀಚರಿಗೆ, ಐಟಿ ಕಂಪನಿಯವರಿಗೆ ಇಂಥ ಯಾವ ಕಾನೂನೂ ಇಲ್ಲ. ಖಾಸಗಿ ವಲಯಕ್ಕೆ ಇರುವುದು ಹೆರಿಗೆ ರಜೆ, 26 ವಾರ. ಆಟಿಸಂ ಗೊತ್ತಾಗುವುದು ಮಗುವಿಗೆ ಎರಡೋ ಮೂರೋ ವರ್ಷ ಆದಮೇಲೆ. ಅಷ್ಟರಲ್ಲಿ ಆ ರಜೆ ಎಂದೋ ಮುಗಿದಿರುತ್ತದೆ. ನಮ್ಮಲ್ಲಂತೂ "ಅವರ ಅಪ್ಪನೂ ತಡವಾಗೇ ಮಾತಾಡಿದ್ದು" ಎಂದು ಸಮಾಧಾನ ಹೇಳುತ್ತಾ ಇನ್ನೊಂದು ವರ್ಷ ಕಳೆದುಹೋಗುತ್ತದೆ.

ಯಾರ ವಾದ ಏನು

ಹಣಕಾಸು ಇಲಾಖೆಯ ಕಡೆಯಿಂದ ನೋಡಿ. ಸೆರೆಬ್ರಲ್ ಪಾಲ್ಸಿ ಇರುವವರನ್ನು, ಮಸ್ಕ್ಯುಲರ್ ಡಿಸ್ಟ್ರೊಫಿ ಇರುವವರನ್ನು ಪರೀಕ್ಷಿಸಿ ಖಚಿತಪಡಿಸುವುದು ಸುಲಭ. ವರ್ತನೆಯ ತೊಂದರೆಗೆ ಬಾಗಿಲು ತೆರೆದರೆ ಅರ್ಜಿಗಳ ಪ್ರವಾಹ ಬರುತ್ತದೆ, ಸುಳ್ಳು ಸರ್ಟಿಫಿಕೇಟ್ ದಂಧೆ ಶುರುವಾಗುತ್ತದೆ ಎಂಬ ಭಯ. ಈ ಭಯ ಪೂರ್ತಿ ಆಧಾರವಿಲ್ಲದ್ದಲ್ಲ. ಆದರೆ ಅದರ ಬೆಲೆ ಕಟ್ಟುತ್ತಿರುವುದು ನಿಜವಾದ ಅರ್ಜಿದಾರರು.

ಪೋಷಕರ ಗುಂಪುಗಳದ್ದು ನೇರ ವಾದ: ಕಾಯ್ದೆಯಲ್ಲಿದೆ, ಕೊಡಿ. ಜೊತೆಗೆ ಇನ್ನೊಂದು ಮಾತು, ಸಾವಿರ ರೂಪಾಯಿಗೆ ಏನು ಬರುತ್ತದೆ? ಬೆಂಗಳೂರಿನಲ್ಲಿ ಖಾಸಗಿಯಾಗಿ ಒಂದು ಗಂಟೆಯ ಥೆರಪಿಗೇ ಅಷ್ಟು ಹೋಗಬಹುದು.

ಮೂರನೆಯ ದನಿ ಕಡಿಮೆ ಕೇಳುತ್ತದೆ, ಆದರೆ ಗಟ್ಟಿಯಾಗಿದೆ. ಆಟಿಸಂ ಇರುವ ದೊಡ್ಡವರೇ ಕೆಲವರು ಕೇಳುತ್ತಾರೆ, ಎಲ್ಲ ಮಾತೂ ಅಪ್ಪ ಅಮ್ಮನ ಕಷ್ಟದ ಸುತ್ತಲೇ ಯಾಕೆ? ನಮ್ಮನ್ನು ಹೊರೆ ಎಂದು ಕರೆಯುತ್ತಾ ನಮ್ಮ ಹೆಸರಲ್ಲಿ ದುಡ್ಡು ಕೇಳಿದರೆ, ನಾಳೆ ನಾವು ಸ್ವಂತವಾಗಿ ಬದುಕಲು ಬೇಕಾದ ನೆರವು ಎಲ್ಲಿಂದ ಬರುತ್ತದೆ? ನ್ಯಾಯವಾದ ಪ್ರಶ್ನೆ. ಆದರೆ ಐದು ವರ್ಷದ ಮಗುವಿನ ವಿಷಯದಲ್ಲಿ ಇದು ಅಷ್ಟು ಬಿಗಿಯಾಗಿ ನಿಲ್ಲುವುದಿಲ್ಲ. ಆ ವಯಸ್ಸಿನಲ್ಲಿ ಅಮ್ಮ ಕುಸಿದರೆ ಮಗುವಿಗೆ ಬೇರೆ ಆಸರೆ ಇರುವುದಿಲ್ಲ.

ನಾಲ್ಕನೆಯದು ಸ್ತ್ರೀವಾದಿಗಳ ಆಕ್ಷೇಪ. 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವಯಸ್ಸಿನ ಹೆಂಗಸರಲ್ಲಿ ಶೇಕಡಾ 41 ಮಂದಿ ಮನೆಯವರ ಆರೈಕೆ ಮಾಡುತ್ತಾರೆ, ದಿನಕ್ಕೆ ಸುಮಾರು 140 ನಿಮಿಷ. ಗಂಡಸರಲ್ಲಿ ಶೇಕಡಾ 21.4 ಮಂದಿ, 74 ನಿಮಿಷ. ಈ ಪರಿಸ್ಥಿತಿಯಲ್ಲಿ ತಾಯಿಗೆ ಒಂದಿಷ್ಟು ಭತ್ಯೆ ಕೊಟ್ಟು ಕೂರಿಸಿದರೆ "ಸರ್ಕಾರವೇ ಕೊಡುತ್ತಿದೆಯಲ್ಲ, ನೀನೇ ನೋಡ್ಕೊ" ಎಂದು ಮನೆಯವರು ಕೈತೊಳೆದುಕೊಳ್ಳುವ ಅಪಾಯ ಇದೆ. ತಾಯಿಗೆ ಮಾತ್ರ ಕೊಡುವ ರಜೆಗೂ ಇದೇ ಮಾತು ಅನ್ವಯಿಸುತ್ತದೆ. ಕೋರ್ಟ್ ತಾಯಿಯ ಉದ್ಯೋಗವನ್ನು ಉಳಿಸಿತು, ಅಪ್ಪನ ಪಾಲು ಎಷ್ಟು ಎಂಬ ಪ್ರಶ್ನೆ ಅದರ ಮುಂದೆ ಇರಲಿಲ್ಲ.

ಅಪ್ಪ ಅಮ್ಮನಿಗೇ ಕಲಿಸಿದರೆ?

ದುಡ್ಡಿಗಿಂತ ಕೌಶಲ ಕೊಡಿ ಎನ್ನುವ ಇನ್ನೊಂದು ದಾರಿ ಇದೆ, ಇದಕ್ಕೆ ಒಳ್ಳೆಯ ಪುರಾವೆಯೂ ಇದೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಒಂದೇ ಪ್ರಯೋಗ ನಡೆಯಿತು, ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಆಟಿಸಂ ಇರುವ 65 ಮಕ್ಕಳು. ತಜ್ಞರಲ್ಲದ, ಆದರೆ ತರಬೇತಿ ಪಡೆದ ಕಾರ್ಯಕರ್ತರು ಆರು ತಿಂಗಳು ಅಪ್ಪ ಅಮ್ಮಂದಿರ ಜೊತೆ ಕೂತು, ಮಗುವಿನ ಜೊತೆ ಅವರು ಆಡುವುದನ್ನು ವಿಡಿಯೊ ಮಾಡಿ ತೋರಿಸಿ, ಎಲ್ಲಿ ಕಾಯಬೇಕು ಎಲ್ಲಿ ಮಾತಾಡಬೇಕು ಎಂದು ಹೇಳಿಕೊಟ್ಟರು. ಅಪ್ಪ ಅಮ್ಮ ಮಗುವಿನ ಗತಿಗೆ ಹೊಂದಿಕೊಳ್ಳುವುದು ಜಾಸ್ತಿಯಾಯಿತು, ಮಗು ತಾನೇ ಮುಂದಾಗಿ ಸಂವಹನ ಮಾಡುವುದೂ ಹೆಚ್ಚಿತು. ಎಲ್ಲ ಅಳತೆಯಲ್ಲೂ ಗೆಲುವು ಸಿಗಲಿಲ್ಲ, ಆದರೆ ಸ್ಪೀಚ್ ಥೆರಪಿಸ್ಟ್ ಇಲ್ಲದ ತಾಲ್ಲೂಕಿನಲ್ಲೂ ಏನಾದರೂ ಮಾಡಬಹುದು ಎಂದು ಅದು ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಆರೈಕೆದಾರರ ತರಬೇತಿಯೂ ಇಂಥದ್ದೇ. ಒಂಬತ್ತು ಗುಂಪು ತರಗತಿ, ಮೂರು ಮನೆ ಭೇಟಿ. ಆರೈಕೆ ಮಾಡುವವರ ಮನಸ್ಸಿನ ಆರೋಗ್ಯವೂ ಅದರ ಪಾಠದ ಭಾಗ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಕ್ಕಳ ಜೊತೆ ತಾಯಂದಿರೂ ಕೂತು ಕಲಿಯುವ ಪದ್ಧತಿ ಬಹಳ ಹಿಂದಿನಿಂದ ಇದೆ. ಉತ್ತರ ಕರ್ನಾಟಕದ ಊರುಗಳಿಂದ ಬಂದು ಬಾಡಿಗೆ ಮನೆ ಹಿಡಿದು ಇರುವ ಅಮ್ಮಂದಿರಿಗೆ ಅದು ದೊಡ್ಡ ಆಸರೆ, ಸರಿ. ಆದರೆ ಒಂದು ಊರಿಗೆ ಹೋಗಿ ಇರಬೇಕಾದ ಅನಿವಾರ್ಯತೆಯೇ ವ್ಯವಸ್ಥೆಯ ಕೊರತೆ ಅಲ್ವಾ?

ಇಲ್ಲೊಂದು ಎಚ್ಚರಿಕೆ ಬೇಕು. ತರಬೇತಿ ಕೊಟ್ಟ ಮೇಲೆ ಅಮ್ಮ ಅಮ್ಮನಾಗಿ ಉಳಿಯುವುದಿಲ್ಲ, ಥೆರಪಿಸ್ಟ್ ಆಗುತ್ತಾಳೆ. ಊಟ ಒಂದು ಪಾಠ, ಸ್ನಾನ ಒಂದು ಪಾಠ. ಮಗು ಮಾತಾಡದೇ ಹೋದರೆ "ಮನೇಲಿ ಸರಿಯಾಗಿ ಮಾಡ್ಸಿಲ್ವಾ?" ಎಂಬ ಪ್ರಶ್ನೆ ಅವಳಿಗೇ. ಕಳೆದ ಶತಮಾನದ ಮಧ್ಯದಲ್ಲಿ ತಾಯಿಯ ಪ್ರೀತಿ ಸಾಲದೇ ಆಟಿಸಂ ಬರುತ್ತದೆ ಎಂದು ಅಮೆರಿಕದ ವೈದ್ಯರೇ ನಂಬಿದ್ದ ಕಾಲವಿತ್ತು, ಆ ಸಿದ್ಧಾಂತ ಸತ್ತು ಎಷ್ಟೋ ದಶಕ ಆಯಿತು. ತಾಯಿಯನ್ನು ದೂರುವ ಚಟ ಮಾತ್ರ ಸಾಯಲಿಲ್ಲ. ಹಾಗಾಗಿ ತರಬೇತಿಯ ಜೊತೆ ಬಿಡುವೂ ಬೇಕು. ವಾರಕ್ಕೆ ಕೆಲವು ಗಂಟೆ ನಂಬಿಕೆಯ ಯಾರಾದರೂ ಬಂದು ಮಗುವಿನ ಜೊತೆ ಇರಬೇಕು, ಅಷ್ಟು ಹೊತ್ತು ಅಮ್ಮ ಮಲಗಲಿ, ಬ್ಯಾಂಕಿಗೆ ಹೋಗಿಬರಲಿ, ಸುಮ್ನೆ ಕೂರಲಿ. ಆಟಿಸಂ, ಸೆರೆಬ್ರಲ್ ಪಾಲ್ಸಿಯಂಥ ವೈಕಲ್ಯ ಇರುವವರಿಗಾಗಿ ಕೇಂದ್ರ ಸರ್ಕಾರ ಕಟ್ಟಿದ ನ್ಯಾಷನಲ್ ಟ್ರಸ್ಟ್‌ನ ಸಮರ್ಥ್ ಯೋಜನೆ ಇಂಥ ಬಿಡುವಿನ ಮಾತಾಡುತ್ತದೆ, ಆದರೆ ಅದು ವಸತಿ ಕೇಂದ್ರಗಳಿಗೆ ಕೊಡುವ ಅನುದಾನ. ಮನೆ ಬಾಗಿಲಿಗೆ ಬರುವ ಬಿಡುವು ನಮ್ಮಲ್ಲಿ ಅತ್ತೆಯೋ ಅಕ್ಕನೋ ಪಕ್ಕದ ಮನೆಯವರೋ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಆಘಾತ ಕಂಡ ಮಕ್ಕಳು, ಅಜ್ಜಿಯ ಮನೆ

ಇದೇ ಸಾಲಿನಲ್ಲಿ ನಿಂತಿರುವ, ಆದರೆ ಯಾರೂ ಜೊತೆಗೆ ಸೇರಿಸಿ ನೋಡದ ಇನ್ನೊಂದು ಗುಂಪಿದೆ. ಹೊಡೆತ, ದೌರ್ಜನ್ಯ, ಅಪ್ಪ ಅಮ್ಮನ ಸಾವು ಕಂಡ ಮಕ್ಕಳು. ಇವರಲ್ಲೂ ನಿದ್ದೆ ಬಾರದಿರುವುದು, ಸಣ್ಣ ಸದ್ದಿಗೆ ಬೆಚ್ಚುವುದು, ಇದ್ದಕ್ಕಿದ್ದಂತೆ ಸಿಡಿಯುವುದು, ಶಾಲೆಯಲ್ಲಿ ಗಮನ ನಿಲ್ಲದಿರುವುದು ಕಾಣುತ್ತದೆ. ಹೊರಗಿನಿಂದ ನೋಡಿದರೆ ಎಡಿಎಚ್‌ಡಿ ಹಾಗೇ ಕಾಣಬಹುದು, ಕೆಲವೊಮ್ಮೆ ಎರಡೂ ಇರುತ್ತವೆ. ನೋಡಿಕೊಳ್ಳುವವರು ಹೆಚ್ಚಾಗಿ ಅಜ್ಜಿ, ಚಿಕ್ಕಮ್ಮ, ಸೋದರಮಾವ.

ಇವರಿಗೆ ಸಿಗುವ ನೆರವು ಬರುವುದು ಬೇರೆ ಇಲಾಖೆಯಿಂದ. ಕೇಂದ್ರದ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಎಂದು ತಿಂಗಳಿಗೆ 4,000 ರೂಪಾಯಿ ಇದೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಬೇರೆ ಕಡೆ 96,000 ರೂಪಾಯಿ ದಾಟಬಾರದು. ಕೋವಿಡ್‌ನಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ಕರ್ನಾಟಕ 2021ರಲ್ಲಿ ಬಾಲ ಸೇವಾ ಯೋಜನೆ ತಂದು, ಮಗುವನ್ನು ಸಾಕುವವರಿಗೆ ತಿಂಗಳಿಗೆ 3,500 ಎಂದು ಹೇಳಿತು. ಹಣದ ಲೆಕ್ಕದಲ್ಲಿ ಇದು ಆರೈಕೆದಾರರ ಭತ್ಯೆಗಿಂತ ಎಷ್ಟೋ ವಾಸಿ.

ಕೊರತೆ ಇರುವುದು ಇನ್ನೊಂದು ಕಡೆ. ರಾತ್ರಿ ಕಿರುಚಿ ಏಳುವ ಮೊಮ್ಮಗನನ್ನು ಹೇಗೆ ಸಮಾಧಾನ ಮಾಡಬೇಕು, ಹೊಡೆದರೆ ಯಾಕೆ ಇನ್ನೂ ಹದಗೆಡುತ್ತದೆ ಎಂದು ಅಜ್ಜಿಗೆ ಹೇಳಿಕೊಡುವವರು ಯಾರು? ನಿಮ್ಹಾನ್ಸ್‌ನ ಸಂವಾದ್ ಘಟಕ ಇಂಥ ಮಕ್ಕಳ ಜೊತೆ ಕೆಲಸ ಮಾಡುವ ಸಿಬ್ಬಂದಿಗೆ ತರಬೇತಿ ಕೊಡುತ್ತದೆ. ಆ ಅರಿವು ಸಿಬ್ಬಂದಿಯಿಂದ ಮನೆಯ ಹೊಸ್ತಿಲಿನವರೆಗೆ ಇಳಿಯುವುದೇ ಕಷ್ಟ. ಆಟಿಸಂ, ಎಡಿಎಚ್‌ಡಿ ಇರುವ ಮಕ್ಕಳ ಮನೆಗೆ ಹಣವೂ ಕಡಿಮೆ, ತರಬೇತಿಯೂ ಕಡಿಮೆ. ಆಘಾತ ಕಂಡ ಮಕ್ಕಳ ಮನೆಗೆ ಹಣದ ದಾರಿ ಇದೆ, ತರಬೇತಿ ಇಲ್ಲ. ಇಬ್ಬರಿಗೂ ಬೇಕಾದ ಕೌಶಲ ಮುಕ್ಕಾಲು ಪಾಲು ಒಂದೇ, ಆದರೆ ಎರಡು ಇಲಾಖೆಗಳು ಒಂದೇ ಮೇಜಿಗೆ ಬರುವುದಿಲ್ಲ.

ಪಟ್ಟಿಗೆ ಹೆಸರು ಸೇರಿಸಿದರೆ ಸಾಕಾ?

ನಾಳೆ ಆಟಿಸಂ ಹೆಸರನ್ನೂ ಸೇರಿಸಿದರು ಎಂದಿಟ್ಟುಕೊಳ್ಳಿ. ಅಂಗವಿಕಲರ ಮಾಸಾಶನದಲ್ಲಿ ಈಗಾಗಲೇ ಶೇಕಡಾ 40 ಮತ್ತು 75ರ ಗೆರೆಗಳಿವೆ. ಭತ್ಯೆಗೂ ಶೇಕಡಾ 75 ಎಂದು ಇಟ್ಟರೆ ಏನಾಗುತ್ತದೆ? ಮಗುವಿನ ಅಂಕ ಜಾಸ್ತಿ ಬಂದರೆ ಮನೆಗೆ ದುಡ್ಡು, ಕಡಿಮೆ ಬಂದರೆ ಇಲ್ಲ. ಅಮ್ಮ ಎರಡು ವರ್ಷ ಕಷ್ಟಪಟ್ಟು ಮಗುವಿಗೆ ನಾಲ್ಕು ಮಾತು ಕಲಿಸಿದರೆ ಮುಂದಿನ ತಪಾಸಣೆಯಲ್ಲಿ ಶೇಕಡಾ ಇಳಿಯುತ್ತದೆ, ಭತ್ಯೆ ನಿಲ್ಲುತ್ತದೆ. ಚೆನ್ನಾಗಿ ನೋಡಿಕೊಂಡಿದ್ದಕ್ಕೇ ದಂಡ! ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ತಾತ್ಕಾಲಿಕ ಸರ್ಟಿಫಿಕೇಟ್ ಕೊಡುವುದರಿಂದ ಈ ಭಯ ಮತ್ತೆ ಮತ್ತೆ ಬರುತ್ತದೆ.

ಬೇರೆ ದಾರಿ ಇಲ್ಲವೇ? ಬ್ರಿಟನ್‌ನ ಉದಾಹರಣೆ ನೋಡಬಹುದು. ಅಲ್ಲಿ ಮಗುವಿನ ಅಂಗವೈಕಲ್ಯ ಭತ್ಯೆಗೆ ಕಾಯಿಲೆಯ ಹೆಸರು ನಿರ್ಣಾಯಕ ಅಲ್ಲ. ಅದೇ ವಯಸ್ಸಿನ ಬೇರೆ ಮಗುವಿಗಿಂತ ಹಗಲು ರಾತ್ರಿ ಎಷ್ಟು ಹೆಚ್ಚು ಆರೈಕೆ, ಎಷ್ಟು ಹೆಚ್ಚು ಕಾವಲು ಬೇಕು ಎಂದು ಕೇಳುತ್ತಾರೆ. ಅದರ ಮೇಲೆ, ವಾರಕ್ಕೆ 35 ಗಂಟೆ ಆರೈಕೆ ಮಾಡುವವರಿಗೆ ಬೇರೆಯೇ ಭತ್ಯೆ ಇದೆ. 2025-26ರಲ್ಲಿ ಅದು ವಾರಕ್ಕೆ 83.30 ಪೌಂಡ್. ಅಲ್ಲೂ ಎಲ್ಲ ಸರಿಯಿಲ್ಲ. ಆರೈಕೆ ಮಾಡುವವರ ದುಡಿಮೆ ಮಿತಿಗಿಂತ ಒಂದು ಪೌಂಡ್ ಹೆಚ್ಚಾದರೂ ಪೂರ್ತಿ ಭತ್ಯೆ ಹೋಗುತ್ತದೆ, ಗೊತ್ತಿಲ್ಲದೆ ಮಿತಿ ದಾಟಿದ ಸಾವಿರಾರು ಮಂದಿ ದೊಡ್ಡ ಮೊತ್ತ ವಾಪಸ್ ಕಟ್ಟಬೇಕಾಗಿ ಬಂದು ಅದು ದೊಡ್ಡ ವಿವಾದವಾಯಿತು. ಅಂದಹಾಗೆ ವರ್ಕ್ ವೀಸಾದಲ್ಲಿ ಅಲ್ಲಿಗೆ ಹೋದ ನಮ್ಮವರಿಗೆ ಸಾಮಾನ್ಯವಾಗಿ ಇದು ಯಾವುದೂ ಸಿಗುವುದಿಲ್ಲ. ಆದರೂ ಕಾವಲಿನ ಗಂಟೆಯನ್ನು ಆರೈಕೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದು ಸಾಧ್ಯ ಎಂಬುದನ್ನು ಆ ಪದ್ಧತಿ ತೋರಿಸುತ್ತದೆ.

ನಮ್ಮ ಕಾಯ್ದೆಯ 38ನೇ ಸೆಕ್ಷನ್‌ನಲ್ಲೂ ಇದಕ್ಕೆ ಜಾಗ ಇದೆ. ಹೆಚ್ಚಿನ ಬೆಂಬಲ ಬೇಕು ಎಂದು ಅರ್ಜಿ ಹಾಕಿದರೆ ಮೌಲ್ಯಮಾಪನ ಮಂಡಳಿ ನೋಡಿ ವರದಿ ಕೊಡಬೇಕು. ಬೆಂಬಲದ ಅಗತ್ಯ ಬೇರೆ, ವೈಕಲ್ಯದ ಶೇಕಡಾ ಬೇರೆ ಎಂದು ಕಾನೂನು ಆಗಲೇ ಒಪ್ಪಿಕೊಂಡಿದೆ. ಆದರೆ ಮಂಡಳಿಗೂ ಮೊದಲು ಶೇಕಡಾ 40 ಆಗಿರಲೇಬೇಕು ಎಂಬ ಷರತ್ತು ಇದೆ, ಎಡಿಎಚ್‌ಡಿ ಮಗು ಮತ್ತೆ ಹೊರಗೇ.

ಏನೂ ಬದಲಾಗದಿದ್ದರೆ ಆ ಖಾಲಿ ಜಾಗಕ್ಕೆ ಬೇರೆಯವರು ಬರುತ್ತಾರೆ, ಈಗಾಗಲೇ ಬಂದಿದ್ದಾರೆ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಎಂದು ಲಕ್ಷಗಟ್ಟಲೆ ಕೀಳುವ ಕ್ಲಿನಿಕ್‌ಗಳ ಜಾಹೀರಾತು ನೋಡಿರುತ್ತೀರಿ. ಅದನ್ನು ಶಿಫಾರಸು ಮಾಡುವಂತಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಸಮಿತಿ 2022ರ ಡಿಸೆಂಬರ್‌ನಲ್ಲೇ ಹೇಳಿದೆ. ಸುಸ್ತಾದ, ಒಂಟಿಯಾದ ಪೋಷಕರೇ ಇಂಥವರ ಗಿರಾಕಿಗಳು.

ಈಗ ಕೈಗೆ ಸಿಗುವುದು

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಇದ್ದರೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ಮಾಡಿಸಬಹುದು. ವರ್ಷಕ್ಕೆ 1 ಲಕ್ಷದವರೆಗೆ, ಥೆರಪಿ ಖರ್ಚಿಗೂ ಒಂದು ಪಾಲು ಇದೆ. ಆದಾಯ ತೆರಿಗೆಯಲ್ಲಿ ಅಂಗವಿಕಲ ಅವಲಂಬಿತರಿಗಾಗಿ 75,000, ತೀವ್ರ ವೈಕಲ್ಯಕ್ಕೆ 1,25,000 ರೂಪಾಯಿಯ ಕಡಿತ ಇದೆ. ಆದರೆ ಇದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ, ಹೊಸದನ್ನು ಆಯ್ದುಕೊಂಡರೆ ಹೋಯಿತು, ಯಾವುದರಲ್ಲಿ ಲಾಭ ಎಂದು ಲೆಕ್ಕ ಹಾಕಿಯೇ ಆಯ್ದುಕೊಳ್ಳಿ. ಕೇಂದ್ರ ಸರ್ಕಾರಿ ನೌಕರರಾಗಿದ್ದರೆ, ಅಂಗವಿಕಲ ಮಗುವಿನ ಮುಖ್ಯ ಆರೈಕೆದಾರರು ಎಂದು ಸರದಿ ವರ್ಗಾವಣೆಯಿಂದ ವಿನಾಯಿತಿ ಕೇಳಬಹುದು, ಈ ಆದೇಶ 2014ರಿಂದ ಇದೆ. ಮಗುವಿಗೆ 18 ತುಂಬಿದಾಗ ಕಾನೂನುಬದ್ಧ ಪಾಲಕತ್ವಕ್ಕೆ ಜಿಲ್ಲಾಧಿಕಾರಿಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು, ಇದನ್ನು ಎಷ್ಟೋ ಮಂದಿ ಬ್ಯಾಂಕಿನಲ್ಲಿ ಸಹಿ ಕೇಳಿದಾಗಲೇ ತಿಳಿದುಕೊಳ್ಳುತ್ತಾರೆ.

ಶಾಲೆಗೆ ಹೋಗಲಾಗದ ಮಗುವಿಗೆ ಸಮಗ್ರ ಶಿಕ್ಷಣದಲ್ಲಿ ಗೃಹಾಧಾರಿತ ಶಿಕ್ಷಣ ಇದೆ, ಬಿಇಒ ಕಚೇರಿಯಲ್ಲಿ ಬಿಐಇಆರ್‌ಟಿ (ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರು) ಯಾರು ಎಂದು ಕೇಳಿ. ಪಂಚಾಯಿತಿಯಲ್ಲಿ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯು) ಇರುತ್ತಾರೆ, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು (ಎಂಆರ್‌ಡಬ್ಲ್ಯು). ಈಗ ಅವರ ದಿನ ಹೆಚ್ಚಾಗಿ ಅರ್ಜಿ, ಕಾರ್ಡು, ಮಾಸಾಶನದ ಓಡಾಟದಲ್ಲೇ ಕಳೆಯುತ್ತದೆ. ರಾಜ್ಯದ ತುಂಬಾ ಇಂಥ ಜಾಲ ಇರುವಾಗ, ಗೋವಾದಲ್ಲಿ ಮಾಡಿದ ಹಾಗೆ ಮನೆಗೆ ಹೋಗಿ ಹೇಳಿಕೊಡುವ ಕೆಲಸಕ್ಕೆ ಇವರನ್ನು, ಆಶಾ ಕಾರ್ಯಕರ್ತೆಯರನ್ನು ತಯಾರು ಮಾಡುವುದು ಹೊಸ ಕಟ್ಟಡ ಕಟ್ಟುವುದಕ್ಕಿಂತ ಅಗ್ಗ. ಅವರ ಗೌರವಧನವನ್ನೂ ಹೆಚ್ಚಿಸಬೇಕಾಗುತ್ತದೆ, ಅದನ್ನು ಬಿಟ್ಟು ಕೆಲಸ ಮಾತ್ರ ಹೇರಿದರೆ ಆಗುವುದಿಲ್ಲ. ಆರೈಕೆ ಮಾಡುವವರಿಗೇ ಮನಸ್ಸು ಭಾರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಮಗುವಿನ ಮೇಲೆ ದೌರ್ಜನ್ಯದ ಅನುಮಾನ ಇದ್ದರೆ ಮಕ್ಕಳ ಸಹಾಯವಾಣಿ 1098.

ಮುಂದಿನ ಬಜೆಟ್‌ಗಳಲ್ಲಿ ಆರೈಕೆದಾರರ ಭತ್ಯೆ ವಿಸ್ತರಣೆ ಎಂಬ ಸುದ್ದಿ ಬಂದರೆ ಮೊತ್ತವನ್ನು ಆಮೇಲೆ ನೋಡಿ. ಮೊದಲು ಸರ್ಕಾರಿ ಆದೇಶದ ಅರ್ಹತೆಯ ಭಾಗ ತೆಗೆಯಿರಿ. ಅಲ್ಲಿ ಕಾಯಿಲೆಯ ಹೆಸರು ಮತ್ತು ಶೇಕಡಾ ಎರಡೇ ಇದ್ದರೆ ಇನ್ನೊಂದಷ್ಟು ಮಂದಿಗೆ ದುಡ್ಡು ಸಿಗುತ್ತದೆ, ಬಹಳಷ್ಟು ಮಂದಿ ಹೊರಗೆ ಉಳಿಯುತ್ತಾರೆ. ಆರೈಕೆಯ ಗಂಟೆ, ರಾತ್ರಿ ಕಾವಲು, ಶಾಲೆಗೆ ಹೋಗಲಾಗದ ದಿನ ಎಂಬ ಮಾತುಗಳೇನಾದರೂ ಕಂಡರೆ ಎಡಿಎಚ್‌ಡಿ ಮಗುವಿನ ಅಮ್ಮನೂ ಅರ್ಜಿ ಹಾಕಲು ಶುರುಮಾಡಬಹುದು.